ಕಾಲಿಗೆ ಹೊಡೆದ ಔಷಧಿ

'ಈ ಸಲ ಮನೆಯಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಇಲ್ಲ. ನನಗೆ ಒಳಗೊಳಗೇ ಸಂತೋಷವಾಯಿತು. ಸಂತೋಷಪಡಬಾರದಿತ್ತೇನೋ.'

ಇಷ್ಟು ಬರೆದು ಸಂಘಮಿತ್ರ ಡೈರಿಯನ್ನು ದಿಂಬಿನ ಕೆಳಗೆ ತಳ್ಳಿ ಎದ್ದಳು. ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು. ಅಮ್ಮ ಲಕ್ಷ್ಮಿದೇವಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು.

ಹೊಸ ರೇಷ್ಮೆ ಹುಳ ತರುವ ಮುಂಚೆ ಪ್ರತಿ ಸಲವೂ ಅಪ್ಪ ನಲ್ಲಪ್ಪ ಹುಳದ ಮನೆಯನ್ನು ಮೇಲಿಂದ ಕೆಳಗೆ ತೊಳೆಯುತ್ತಿದ್ದ. ಸುಣ್ಣಕ್ಕೆ ಬ್ಲೀಚಿಂಗ್ ಕಲಸಿ ಗೋಡೆ, ನೆಲ, ತಟ್ಟೆ, ಅಟ್ಟಣೆ ಎಲ್ಲಕ್ಕೂ ಹೊಡೆದು, ಬಾಗಿಲು ಮುಚ್ಚಿ ಬಿಡುತ್ತಿದ್ದ. ಹುಳದ ಮನೆಗೂ ವಾಸದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಘಾಟು ಗೋಡೆ ದಾಟಿ ಬಂದು, ಹಗ್ಗದ ಮೇಲಿನ ಚೂಡಿದಾರಗಳಿಗೆ ಅಂಟಿಕೊಂಡು, ಅವಳ ಜೊತೆ ಬಸ್ಸು ಹತ್ತಿ ಶಾಲೆಗೂ ಬರುತ್ತಿತ್ತು. ಶಿಡ್ಲಘಟ್ಟ ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ಇದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳು ಅತಿಥಿ ಶಿಕ್ಷಕಿ, ವಿಜ್ಞಾನಕ್ಕೆ. "ಮಿಸ್ಸು ಬಂದ್ರು, ಆಸ್ಪತ್ರೆ ಬಂತು" ಎಂದು ಎಂಟನೇ ಕ್ಲಾಸಿನವರು ಮೂಗು ಹಿಡಿದುಕೊಳ್ಳುತ್ತಿದ್ದರು. ಅವಳು ಕೇಳಿಸದವಳಂತೆ ಬೋರ್ಡಿನ ಕಡೆ ತಿರುಗುತ್ತಿದ್ದಳು.

ಈ ಸಲ ಹಾಗಾಗಲಿಲ್ಲ. ಚಿಂತಾಮಣಿ ಕಡೆಯ ಯಾರೋ ರೈತರು ಮರಿಹುಳ ಬೇಡವೆಂದರಂತೆ. ಮರಿಹುಳ ಸಾಕಿ ಮಾರುವ ಚಾಕಿ ಕೇಂದ್ರದಿಂದ ಫೋನು ಬಂದದ್ದೇ ನಲ್ಲಪ್ಪ ಆಟೊ ಮಾಡಿಕೊಂಡು ಹೋಗಿ ಹುಳ ತಂದುಬಿಟ್ಟಿದ್ದ.

"ಮನೆ ತೊಳ್ದಿಲ್ವಲ್ಲ" ಎಂದಿದ್ದಳು ಲಕ್ಷ್ಮಿದೇವಮ್ಮ.

"ಗುಡಿಸಿದೀನಿ."

"ಗುಡಿಸಿದ್ರೆ ಸಾಕಾ?"

"ಹೋದ್ ಸಲ ಒಂದ್ ಹುಳಕ್ಕೂ ನೆಗಡಿ ಬರ್ಲಿಲ್ಲ ಕಣೇ. ಈಗ ಬಿಟ್ರೆ ಇನ್ ಹದಿನೈದ್ ದಿನ ಕಾಯ್ಬೇಕು. ತೋಟದಲ್ಲಿ ಸೊಪ್ಪು ಬಲ್ತು ಹೋಯ್ತದೆ. ಅದನ್ನ ನೀನ್ ತಿಂತೀಯಾ?"

ಬಾಗಿಲಲ್ಲಿ ನಿಂತಿದ್ದ ಸಂಘಮಿತ್ರಳಿಗೆ ಒಂದು ಮಾತು ಬಾಯಿಗೆ ಬಂದಿತ್ತು. ಬಿಎಸ್ಸಿಯಲ್ಲಿ ರೇಷ್ಮೆಯೂ ಒಂದು ವಿಷಯ ಅವಳಿಗೆ. ಬಂದ ಮಾತನ್ನು ನುಂಗಿ, ಚೂಡಿದಾರವನ್ನು ಮೂಗಿಗೆ ಹಿಡಿದು ನೋಡಿದ್ದಳು. ಸೋಪಿನ ವಾಸನೆ ಮಾತ್ರ ಇತ್ತು.

ಹೊರಗೆ ಚಪ್ಪಲಿ ಎಸೆದ ಸದ್ದಾಯಿತು. ತಂಗಿ ತನುಜ ಮೈದಾನದಿಂದ ಬಂದಿದ್ದಳು. ಮೊಣಕೈ ಕೆಂಪು ಮಣ್ಣು, ಮೊಣಕಾಲು ಕೆಂಪು ಮಣ್ಣು.

"ಏಮೇ, ಮಣ್ಣಲ್ಲಿ ಹೊರಳಾಡೋಕೆ ಇಸ್ಕೂಲಿಗ್ ಹೋಯ್ತೀಯಾ? ಎಮ್ಮೆನಾದ್ರೂ ನೀರಲ್ಲಿ ಹೊರಳಾಡ್ತದೆ" ಎಂದಳು ಜಗಲಿಯ ಮೇಲಿದ್ದ ಅಜ್ಜಿ ಚಿಕ್ಕಮುನಿಯಮ್ಮ.

"ಹೊರಳಾಡೋದಲ್ಲ ಅಜ್ಜಿ, ಡೈವ್. ಕಂಬದ ಹತ್ರ ಡೈವ್ ಹೊಡೆದ್ರೆ ಯಾರೂ ತಪ್ಪಿಸ್ಕೊಳ್ಳಲ್ಲ. ಖೋ ಖೋದಲ್ಲಿ ತಾಲ್ಲೂಕಿಗೇ ನಾವೇ ಫಸ್ಟು. ಮುಂದಿನ್ ವಾರ ಚಿಕ್ಕಬಳ್ಳಾಪುರ, ಡಿಸ್ಟ್ರಿಕ್ಟು!"

"ಸಂಬಳ ಎಷ್ಟಂತೆ?"

"ನಿಂಗ್ ಹಲ್ ಕಟ್ಟಿಸೋವಷ್ಟು!"

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ನಲ್ಲಪ್ಪನೂ ನಕ್ಕ. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ತೋಟದ ದಾರಿಯಲ್ಲಿ ಸೈಕಲ್ಲಿನ ಮುಂದೆ ಅವಳನ್ನು ಓಡಿಸಿ ನೋಡಿದವನು ಅವನೇ. ದಲಿತ ಸಂಘದ ಕೆಲಸದಲ್ಲಿ ಊರೂರು ತಿರುಗುತ್ತಿದ್ದ ಕಾಲದಲ್ಲಿ ದೊಡ್ಡವಳಿಗೆ ಸಂಘಮಿತ್ರ ಎಂದು ಹೆಸರಿಟ್ಟಿದ್ದ. ಚಿಕ್ಕವಳು ಹುಟ್ಟುವಷ್ಟರಲ್ಲಿ ಸಂಘ ಒಡೆದು, ಅವನು ಹುಳ ಸಾಕಲು ಶುರು ಮಾಡಿದ್ದ. ತಮ್ಮ ಕೇರಿಯಲ್ಲಿ ಹುಳದ ಮನೆ ಕಟ್ಟಿದ ಮೊದಲಿಗ ಅವನು. ಹೊಸದರಲ್ಲಿ ಚಾಕಿ ಕೊಡಲು ಮೀನಮೇಷ ಎಣಿಸಿದವರು ಈಗ ಅವನಿಗೇ ಫೋನು ಮಾಡುತ್ತಿದ್ದರು.

"ಆಡಮ್ಮ, ಬೇಡ ಅಂದೋರ್ಯಾರು. ಬೆಳಗ್ಗೆ ಎದ್ದು ಸೊಪ್ಪು ಕೊಯ್ದು ಆಡು" ಎಂದ.

*

ಆ ಹುಡುಗಿಯ ಬೆಳಗು ಸಂಜೆಗಳಿಗಾಗಿ ಮೂವರು ಜಗ್ಗಾಡುತ್ತಿದ್ದರು. ನಸುಕಿಗೆ ಎದ್ದರೆ ಅಪ್ಪನ ಸೊಪ್ಪು. ಶಾಲೆಗೆ ಬಂದರೆ ಬೆಲ್ಲಿಗೆ ಮುಂಚೆ ಮುಖ್ಯೋಪಾಧ್ಯಾಯಿನಿ ಶೋಭಾರಾಣಿಯವರ ವಿಶೇಷ ತರಗತಿ. ಸಂಜೆ ಪಿ.ಟಿ. ಮೇಷ್ಟ್ರು ಮೋಹನ್‌ಬಾಬು ಅವರ ಸೀಟಿ.

ಶೋಭಾರಾಣಿಯವರ ಕೋಣೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳನ್ನೆಲ್ಲ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಬರೆದ ಚಾರ್ಟು ಇತ್ತು. ತನುಜ ಕೆಂಪಿನಲ್ಲಿದ್ದಳು. ಗಣಿತಕ್ಕೆ ಕೆಂಪು, ಇಂಗ್ಲಿಷಿಗೆ ಕೆಂಪು, ವಿಜ್ಞಾನಕ್ಕೆ ಅಕ್ಕನ ದಾಕ್ಷಿಣ್ಯಕ್ಕೋ ಏನೋ ಹಳದಿ.

"ಮೋಹನ್‌ಬಾಬು, ನಿಮ್ ಖೋ ಖೋ ಇಟ್ಕೊಂಡು ನಾನು ಡಿಡಿಪಿಐ ಮುಂದೆ ಏನ್ ಹೇಳ್ಲಿ? ಹುಡುಗಿ ಫೇಲು ಆದ್ರೆ ಗೆದ್ದಿರೋ ಕಪ್ ತೋರಿಸ್ಲಾ?"

"ಮೇಡಂ, ಈ ಹುಡುಗಿಗೆ ಗಣಿತ ಬರೋದ್ ಅಷ್ಟ್ರಲ್ಲೇ ಐತೆ. ಕಾಲು ಐತೆ. ವಿಭಾಗ ಮಟ್ಟಕ್ಕೆ ಹೋದ್ರೆ ಕ್ರೀಡಾ ಹಾಸ್ಟೆಲ್‌ನೋರು ಬಂದ್ ನೋಡ್ತಾರೆ. ಸೆಲೆಕ್ಟ್ ಆದ್ರೆ ಊಟ, ವಸತಿ, ಪಿಯುಸಿ ಎಲ್ಲಾ ಅಲ್ಲೇ. ಇಲ್ದಿದ್ರೆ ಈ ಮಕ್ಳು ಹತ್ತನೇ ಕ್ಲಾಸಾದ್ಮೇಲೆ ಎಲ್ಲಿಗ್ ಹೋಗ್ತಾರೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು."

ಎಲ್ಲಿಗೆ ಎಂಬುದು ಗೊತ್ತಿಲ್ಲದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಿಂದ ನೋಡಿದರೆ ನೂಲು ಬಿಚ್ಚುವ ಘಟಕಗಳ ಹೊಗೆ ಕಾಣುತ್ತಿತ್ತು. ಕುದಿಯುವ ನೀರಿನಲ್ಲಿ ಗೂಡು ಅದ್ದಿ ಎಳೆ ಹುಡುಕುವ ಕೆಲಸ. ಅಲ್ಲಿಗೆ ಹೋದ ಹುಡುಗಿಯರ ಬೆರಳ ತುದಿ ವರ್ಷದೊಳಗೆ ಬೆಳ್ಳಗೆ ಸುಕ್ಕುಗಟ್ಟುತ್ತಿತ್ತು.

"ನೀವೇನ್ ಹೇಳ್ತೀರಿ ಮಿಸ್? ನಿಮ್ ತಂಗಿ ತಾನೆ?" ಶೋಭಾರಾಣಿ ತಿರುಗಿ ಕೇಳಿದರು.

ಸಂಘಮಿತ್ರ ಏನೋ ಹೇಳಿದಳು.

"ಏನಂದ್ರಿ? ಅಯ್ಯೋ, ನಿಮ್ ದನಿ ಎರಡನೇ ಬೆಂಚು ದಾಟಲ್ವಲ್ರೀ. ಹೋಗ್ಲಿ, ಪ್ರತಿಭಾ ಕಾರಂಜಿ ಜನಪದ ನೃತ್ಯ ನೀವೇ ನೋಡ್ಕೊಳ್ಳಿ. ಪರ್ಮನೆಂಟ್‌ನೋರಿಗೆ ಟೈಮಿಲ್ಲ."

ಹಾಗೆ, ಹೇಳಬೇಕಾದ್ದು ಹೇಳದೆ, ಅವಳು ಕೋಲಾಟದ ಕೋಲುಗಳ ಕಟ್ಟು ಹೊತ್ತುಕೊಂಡು ಹೊರಬಂದಳು.

*

ಚಿಕ್ಕಬಳ್ಳಾಪುರದ ಪಂದ್ಯದ ದಿನ ಸಂಘಮಿತ್ರಳನ್ನು ಹೆಣ್ಣುಮಕ್ಕಳ ಜೊತೆಗೆಂದು ಕಳಿಸಿದರು. ಫೈನಲ್‌ನಲ್ಲಿ ಎದುರಾಳಿ ಗೌರಿಬಿದನೂರು ಕಡೆಯ ತಂಡ. ಅವರಿಗೆ ಒಂದೇ ಬಣ್ಣದ ಶೂ, ಬೆನ್ನ ಮೇಲೆ ಹೆಸರು. ಇವರಿಗೆ ಸರ್ಕಾರ ಕೊಟ್ಟ ಕಪ್ಪು ಶೂ. ಅದನ್ನೂ ಬಿಚ್ಚಿಟ್ಟು ಬರಿಗಾಲಲ್ಲಿ ಇಳಿದರು. ಕೊನೆಯ ಸರದಿಯಲ್ಲಿ ತನುಜ ಕಂಬದ ಪಕ್ಕ ಹಾರಿದಳು. ಬೆರಳು ಎದುರಾಳಿ ಹುಡುಗಿಯ ಹಿಮ್ಮಡಿಗೆ ತಾಗಿತು. ಗೆದ್ದ ಸೀಟಿ ಕೇಳಿತು. ಗೆಳತಿ ಹರಿತಾ ಓಡಿಬಂದು ಅವಳ ಮೇಲೆ ಬಿದ್ದಳು. ಎಲ್ಲರೂ ಎದ್ದ ಮೇಲೆ ತನುಜ ಮಾತ್ರ ಏಳಲಿಲ್ಲ.

"ಉಳುಕು ಅಷ್ಟೇ. ಮೂಳೆಗೇನೂ ಆಗಿಲ್ಲ. ಹತ್ತು ದಿನ ರೆಸ್ಟು, ಆಮೇಲೆ ತುಮಕೂರಲ್ಲಿ ವಿಭಾಗ ಮಟ್ಟ. ಟೈಮೈತೆ" ಎಂದು ಮೋಹನ್‌ಬಾಬು ಚೀಲದಿಂದ ಡಬ್ಬ ತೆಗೆದು ಅವಳ ಪಾದದ ಗಂಟಿಗೆ ಔಷಧಿ ಹೊಡೆದರು. ಪುಸ್ ಎಂದು ತಣ್ಣನೆಯ ಹೊಗೆ ಎದ್ದಿತು.

ಬಸ್ಸಿನಲ್ಲಿ ತನುಜ ಕಾಲನ್ನು ಅಕ್ಕನ ತೊಡೆಯ ಮೇಲಿಟ್ಟುಕೊಂಡಿದ್ದಳು. ನಂದಿ ಬೆಟ್ಟದ ಕಡೆ ಮೋಡ ಕಟ್ಟಿತ್ತು.

"ಅಕ್ಕ, ವಾಸನೆ ಜಾಸ್ತಿ ಬರ್ತಾ ಐತಾ?"

"ಹೂಂ."

"ಹುಳ ನಾಲ್ಕನೇ ಜ್ವರ ಎದ್ದವೆ. ಅಜ್ಜಿ ಕೊಂದೇಬಿಡ್ತಾಳೆ ನನ್ನ."

ಹುಳ ಪೊರೆ ಬಿಡಲು ಮೇವು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವ ಸದ್ದು ಮಳೆ ಹುಯ್ದ ಹಾಗೆ ಕೇಳುತ್ತದೆ. ಆ ದಿನಗಳಲ್ಲಿ ಹುಳಕ್ಕೆ ಯಾವ ಘಾಟೂ ಆಗದೆಂದು ಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಕೂಡದು, ತಲೆನೋವಿಗೆ ಮುಲಾಮು ಕೂಡದು, ಪೌಡರು ಬಳಿಯುವಂತಿಲ್ಲ. ಅಪ್ಪ ಬೀಡಿಯನ್ನು ರಸ್ತೆಯಾಚೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ.

ಬಾಗಿಲಿಗೆ ಬಂದದ್ದೇ ಅಜ್ಜಿ ಮೂಗು ಮೇಲೆತ್ತಿದಳು. "ಏನೇ ಅದು ಘಾಟು? ಅಲ್ಲೇ ನಿಲ್ಲು! ಒಳಗ್ ಬರ್ಬೇಡ!"

ತನುಜ ಹಿತ್ತಲಲ್ಲಿ ಸೋಪು ಹಚ್ಚಿ ಹಚ್ಚಿ ಕಾಲು ತೊಳೆದಳು, ತಲೆಗೂ ಹಾಕಿಕೊಂಡಳು. ಪಂದ್ಯದಲ್ಲಿ ಅವಳಿಗೆ ಕೊಟ್ಟ ಕಪ್ ಜಗಲಿಯ ಮೇಲೆ ಯಾರೂ ಮುಟ್ಟದೆ ಕೂತಿತ್ತು. ಅಷ್ಟರಲ್ಲಿ ತೋಟದ ಮೇಲೆ ಹನಿ ಬಿತ್ತು. ನಲ್ಲಪ್ಪ ಸೊಪ್ಪಿನ ಹೊರೆ ಹೊತ್ತು ಓಡಿಬಂದ.

"ಎಲ್ರೂ ಬನ್ರೇ! ಸೊಪ್ಪು ನೆನೀತದೆ. ತನುಜಾ, ಬಾರಮ್ಮ, ಕೈ ಸಾಲ್ತಿಲ್ಲ!"

"ನನ್ ಕಾಲಿಗೆ ಔಷಧಿ ಹೊಡ್ದವ್ರೆ ಅಪ್ಪ."

"ತೊಳ್ಕೊಂಡ್ಯಲ್ಲ? ಬಾ ಬಾ, ಹುಳ ಬಾಯ್ ಬಿಡ್ತಾ ಕೂತವೆ."

ಅವಳು ಕುಂಟುತ್ತ ಹೋದಳು. ಒಂದೊಂದೇ ಅಟ್ಟಣೆಗೆ ಸೊಪ್ಪು ಹರಡುತ್ತ, ಹಾರಿದ್ದು, ಸೀಟಿ ಊದಿದ್ದು, ಗೌರಿಬಿದನೂರಿನ ಹುಡುಗಿ ಅತ್ತದ್ದು ಎಲ್ಲ ಅಪ್ಪನಿಗೆ ಹೇಳಿದಳು. ಅಪ್ಪ "ಆಮೇಲೆ?" "ಆಮೇಲೆ?" ಎನ್ನುತ್ತಲೇ ಇದ್ದ.

*

ಮೂರು ದಿನಕ್ಕೆ ಹುಳ ಮೇವು ಬಿಟ್ಟು ತಟ್ಟೆಯ ಅಂಚಿಗೆ ಹರಿದಾಡತೊಡಗಿದವು. ಮೈ ಹಳದಿಗೆ ತಿರುಗಿ, ಗಂಟುಗಂಟಿನ ನಡುವೆ ಊದಿ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯಿತು. ಲಕ್ಷ್ಮಿದೇವಮ್ಮ ಸತ್ತವನ್ನು ಬುಟ್ಟಿಗೆ ಆರಿಸಿ ಹಾಕುತ್ತಿದ್ದಳು. ಆರಿಸಿದಷ್ಟೂ ಬರುತ್ತಿದ್ದವು. ಆಮೇಲೆ ಆರಿಸುವುದನ್ನೇ ಬಿಟ್ಟಳು. ಮನೆಯಲ್ಲಿ ಅನ್ನ ಬೇಯಿಸಿದರೂ ಉಣ್ಣುವಂತಿರಲಿಲ್ಲ, ಅಂಥ ನಾತ.

ಹಾಲುತೊಂಡೆ ರೋಗ. ಸಂಘಮಿತ್ರಳಿಗೆ ನೋಡಿದ ಕೂಡಲೇ ತಿಳಿಯಿತು. ಔಷಧಿ ವಾಸನೆ ಹೊಡೆದ ಹುಳ ತಲೆ ಎಸೆದಾಡಿ, ವಾಂತಿ ಮಾಡಿಕೊಂಡು, ಮುರುಟಿ ಸಾಯುತ್ತದೆ. ಇದು ಹಾಗಲ್ಲ. ಹಿಂದಿನ ಬೆಳೆಗಳಿಂದ ಗೋಡೆ ನೆಲದಲ್ಲಿ ಉಳಿದ ರೋಗಾಣು, ತೊಳೆಯದಿದ್ದರೆ ಹೋಗದ್ದು.

ಹೊಲದ ನೆರೆಯ ಮುನಿವೆಂಕಟಪ್ಪ ಸುದ್ದಿ ಕೇಳಿ ಬಂದ. ಅವನು ಮೇಲಿನ ಕೇರಿಯವನು, ಇವರ ಮನೆಯೊಳಗೆ ಕಾಲಿಡದವನು. ಜಗಲಿಯ ಕೆಳಗೇ ನಿಂತು ಬುಟ್ಟಿ ನೋಡಿದ.

"ಏನಪ್ಪಾ ನಲ್ಲಪ್ಪ, ಪೂರ್ತಿ ಹೋಯ್ತಾ?"

"ಹೂಂ ಗೌಡ್ರೇ."

"ಹುಳ ಅಂದ್ರೆ ಹಂಗೇ ಕಣಪ್ಪ. ಮಡಿ ಕೇಳ್ತದೆ. ಶುದ್ಧ ಇರ್ಬೇಕು. ಎಲ್ರಿಗೂ ಒಗ್ಗೋ ಕೆಲ್ಸ ಅಲ್ಲ ಅದು, ಅಂತ ನಾನ್ ಅವತ್ತೇ ಅಂದಿದ್ದೆ."

ನಲ್ಲಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಮತ್ತೆ ಹಾಕಿಕೊಂಡ.

"ಶುದ್ಧಕ್ಕೇನ್ ಕಮ್ಮಿ ಮಾಡಿಲ್ಲ ಗೌಡ್ರೇ. ಎಲ್ಲಾ ಮಾಡ್ದಂಗೇ ಮಾಡಿದೀನಿ. ನನ್ ಚಿಕ್ ಮಗಳು ಆಟಕ್ ಹೋಗಿ ಕಾಲಿಗೆ ಔಷಧಿ ಹೊಡಿಸ್ಕೊಂಡ್ ಬಂದ್ಲು. ಅದೇ ಕಾಲಲ್ಲಿ ಒಳಗ್ ಹೋದ್ಲು. ಅದ್ರ ವಾಸ್ನೆ."

"ಹಂಗನ್ನು. ಹೆಣ್ಮಕ್ಳಿಗ್ಯಾಕಪ್ಪ ಆಟ?" ಎಂದು ಮುನಿವೆಂಕಟಪ್ಪ ಹೊರಟುಹೋದ.

ನೀರಿನ ಕೊಡ ಹಿಡಿದು ಬಾಗಿಲಲ್ಲಿದ್ದ ತನುಜ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಅವಳ ಕಡೆ ನೋಡಲಿಲ್ಲ. ಸಂಘಮಿತ್ರ ಒಳಗೆ ಹೋಗಿ, ಏನೂ ಕೆಲಸವಿಲ್ಲದ ಒಲೆಯ ಮುಂದೆ ಕೂತಳು. ಆ ಗೌಡನ ಮುಂದೆ ಅಪ್ಪ ಬೇರೆ ಏನು ಹೇಳಲು ಸಾಧ್ಯವಿತ್ತು? ಗೌಡ ಹೋದ ಮೇಲೆ ಅಪ್ಪ ನಿಜ ಹೇಳುತ್ತಾನೆ ಎಂದುಕೊಂಡಳು.

ಹೇಳಲಿಲ್ಲ. ಮಾರನೆಯ ದಿನ ಹಾಲಿನ ಡೇರಿಯಲ್ಲಿ ಅದೇ ಮಾತು ಹೇಳಿದ. ಅದರ ಮಾರನೆಯ ದಿನ ಹೆಂಡತಿಗೇ ಹೇಳಿದ.

"ನೀನೇ ಕರೆದ್ಯಲ್ಲ ಅವತ್ತು" ಎಂದಳು ಲಕ್ಷ್ಮಿದೇವಮ್ಮ.

"ನಾನ್ ಕರೆದೆ. ಅವ್ಳು ಬರಲ್ಲ ಅನ್ಬೇಕಿತ್ತು. ಇನ್ಮೇಲೆ ಆಟ ಗೀಟ ಏನೂ ಇಲ್ಲ ಈ ಮನೇಲಿ."

ಸತ್ತ ಹುಳ ಸುರಿದ ಗುಂಡಿ ಮುಚ್ಚಿದ ಮೇಲೂ ಆ ಮಾತು ಮನೆಯಲ್ಲೇ ಉಳಿಯಿತು.

*

ಆ ವಾರ ಎಂಟನೇ ಕ್ಲಾಸಿಗೆ ಸೂಕ್ಷ್ಮಜೀವಿಗಳ ಪಾಠ. ಸಂಘಮಿತ್ರ ಬೋರ್ಡಿನ ಮೇಲೆ ವೈರಸ್ಸಿನ ಚಿತ್ರ ಬರೆಯುತ್ತಿದ್ದಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು:

"ಮಿಸ್, ಹಾಲುತೊಂಡೆನೂ ವೈರಸ್ಸೇ ಅಲ್ವಾ?"

"ಹೌದು."

"ವಾಸ್ನೆಗೆ ಬರಲ್ವಾ ಮಿಸ್?"

"ಬರಲ್ಲ. ವಾಸನೆಯಿಂದ ವೈರಸ್ ಬರಲ್ಲ. ಹಿಂದಿನ ಬೆಳೆಯಲ್ಲಿ ಇದ್ದದ್ದು ಗೋಡೆ, ನೆಲ, ತಟ್ಟೆಗಳಲ್ಲಿ ಉಳ್ಕೊಂಡಿರುತ್ತೆ. ಬ್ಲೀಚಿಂಗ್, ಸುಣ್ಣ ಹಾಕಿ ತೊಳೆದ್ರೆ ಸಾಯುತ್ತೆ."

"ತೊಳೀದಿದ್ರೆ?"

"ತೊಳೀದಿದ್ರೆ ಮುಂದಿನ ಹುಳಕ್ಕೆ ಬರುತ್ತೆ."

ಮಕ್ಕಳು ಬರೆದುಕೊಂಡರು. ಪರೀಕ್ಷೆಗೆ ಬರುತ್ತಾ ಎಂದು ಯಾರೋ ಕೇಳಿದರು. ಬರಬಹುದು ಎಂದಳು. ಪಾಠ ಹೇಳುವಾಗ ದನಿ ನಡುಗಲಿಲ್ಲವೆಂಬುದು ಬೆಲ್ ಹೊಡೆದ ಮೇಲೆ ಅವಳಿಗೆ ಹೊಳೆಯಿತು. ಅವತ್ತು ಸಂಜೆ ಮನೆಗೆ ಹೋಗಿ, ಅದೇ ಎರಡು ವಾಕ್ಯ ಹೇಳಲೆಂದು ಅಪ್ಪನ ಎದುರಿಗೆ ಕೂತಳು.

"ಏನಮ್ಮ?" ಎಂದ ನಲ್ಲಪ್ಪ.

"ಏನಿಲ್ಲ. ಸಾರಿಗೆ ಉಪ್ಪು ಸರಿಯಾಗೈತಾ?"

"ಸರಿಯಾಗೈತೆ."

*

ತುಮಕೂರಿಗೆ ಹೊರಡುವ ಮುನ್ನಾದಿನ ಮೋಹನ್‌ಬಾಬು ಮನೆಗೇ ಬಂದರು. ಅಪ್ಪ ಅಮ್ಮ ಒಪ್ಪದೆ ಹೆಣ್ಣುಮಕ್ಕಳನ್ನು ಹೊರಜಿಲ್ಲೆಗೆ ಕರೆದೊಯ್ಯುವಂತಿರಲಿಲ್ಲ. ಲಕ್ಷ್ಮಿದೇವಮ್ಮ ಕಾಫಿ ಕೊಟ್ಟಳು. ತನುಜ ಬಾಗಿಲ ಹಿಂದೆ ನಿಂತಿದ್ದಳು. ಕಾಲು ವಾಸಿಯಾಗಿತ್ತು. ಅದನ್ನು ತೋರಿಸಲೆಂದೇ ಒಂಟಿಕಾಲಲ್ಲಿ ಹಗುರಾಗಿ ಕುಪ್ಪಳಿಸುತ್ತಿದ್ದಳು.

"ಎರಡೇ ದಿನ ನಲ್ಲಪ್ಪೋರೇ. ಜೊತೆಗೆ ನಿಮ್ ದೊಡ್ ಮಗಳೇ ಬರ್ತಾರೆ. ಹಾಸ್ಟೆಲ್ ಸೆಲೆಕ್ಷನ್‌ನೋರು ಬರ್ತಾರಂತೆ. ಇವಳನ್ನ ನೋಡಿದ್ರೆ ಬಿಡಲ್ಲ."

"ಕಾಫಿ ತಗೊಳ್ಳಿ ಮೇಷ್ಟ್ರೇ. ಆರೋಗ್ತದೆ."

"ಏನಂತೀರಿ?"

"ನೀವು ಅವತ್ತು ಔಷಧಿ ಹೊಡೀದಿದ್ರೆ ನಾನೂ ಇವತ್ತು ನಗ್‌ನಗ್ತಾ ಕಳಿಸ್ತಿದ್ದೆ."

ಮೋಹನ್‌ಬಾಬು ಲೋಟ ಕೆಳಗಿಟ್ಟರು. "ಆ ಸ್ಪ್ರೇಗೂ ಹುಳಕ್ಕೂ... ನಂಗ್ ಗೊತ್ತಿಲ್ಲಪ್ಪ. ನಮ್ಮದು ಬಾಗೇಪಲ್ಲಿ ಕಡೆ, ಕಡ್ಲೇಕಾಯಿ ಬೆಳೆಯೋರು. ತಪ್ಪಾಗಿದ್ರೆ ಕ್ಷಮಿಸಿ. ನನ್ ತಪ್ಪಿಗೆ ಹುಡುಗೀನ ಯಾಕೆ ಕಟ್ ಹಾಕ್ತೀರಿ? ಮಿಸ್, ನೀವಾದ್ರೂ ಹೇಳಿ. ಸೈನ್ಸ್ ಓದಿದೋರು."

ಎಲ್ಲರೂ ಸಂಘಮಿತ್ರಳ ಕಡೆ ನೋಡಿದರು. ಬಾಗಿಲ ಹಿಂದೆ ಕುಪ್ಪಳಿಸುವ ಸದ್ದು ನಿಂತಿತು. ಅಪ್ಪ ನೋಡಿದ ನೋಟ ಸಿಟ್ಟಿನದಾಗಿದ್ದರೆ ಅವಳು ಬಾಯಿಬಿಡುತ್ತಿದ್ದಳೋ ಏನೋ. ಅದು ಸಿಟ್ಟಿನದಾಗಿರಲಿಲ್ಲ. ಹೊರಗಿನವರ ಮುಂದೆ ನನ್ನ ಮಾನ ಕಳೆಯಬೇಡ ಎನ್ನುವಂತಿತ್ತು.

"ಅಪ್ಪ ಹೇಳ್ದಂಗೆ" ಎಂದಳು ಅವಳು.

ಮೋಹನ್‌ಬಾಬು ಎದ್ದರು. ಬಾಗಿಲ ಹಿಂದೆ ಯಾರೂ ಇರಲಿಲ್ಲ. ತನುಜ ಆಗಲೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು.

"ಒಂದ್ ಮಾತು ಆಡ್ಬಾರ್ದಿತ್ತಾ ನೀನು?" ಎಂದಳು ಲಕ್ಷ್ಮಿದೇವಮ್ಮ ದೊಡ್ಡ ಮಗಳಿಗೆ, ಲೋಟ ಎತ್ತಿಕೊಳ್ಳುತ್ತ.

"ನೀನೂ ಆಡ್ಲಿಲ್ವಲ್ಲಮ್ಮ."

"ನಾನ್ ಓದಿದೋಳಾ?"

*

ತಂಡ ಹೊರಟಿತು, ಸಂಘಮಿತ್ರಳ ಬದಲು ಬೇರೊಬ್ಬ ಮಿಸ್ಸಿನ ಜೊತೆ. ತನುಜಳ ಜಾಗದಲ್ಲಿ ಕಂಬದ ಹತ್ತಿರ ಹರಿತಾ. ಟೆಂಪೊ ಗೇಟು ದಾಟುವಾಗ ಹುಡುಗಿಯರು ಕೂಗಿದ ಕೂಗು ಹತ್ತನೇ ಕ್ಲಾಸಿನ ಕಿಟಕಿಯೊಳಗೆ ಬಂತು. ತನುಜ ತಲೆ ಎತ್ತದೆ, ವಿಶೇಷ ತರಗತಿಯಲ್ಲಿ ಅದೇ ಲೆಕ್ಕವನ್ನು ಅಳಿಸಿ ಬರೆಯುತ್ತಿದ್ದಳು.

"ಒಳ್ಳೇದೇ ಆಯ್ತು ಬಿಡಿ ಮಿಸ್, ದೇವರು ಮಾಡಿದ್ದು" ಎಂದರು ಶೋಭಾರಾಣಿ ಸ್ಟಾಫ್ ರೂಮಿನಲ್ಲಿ. "ಇನ್ನು ದಿನಾ ಕ್ಲಾಸಿಗೆ ಬರ್ತಾಳೆ. ಕೆಂಪಿಂದ ಹಳದಿಗೆ ತರೋಣ." ಆಕೆ ಅದನ್ನು ಪ್ರೀತಿಯಿಂದಲೇ ಹೇಳಿದರು.

ತಂಡ ಸೋತು ಬಂತು. ಆದರೆ ಹರಿತಾಳನ್ನು ಹಾಸ್ಟೆಲ್‌ನವರು ಬರೆದುಕೊಂಡಿದ್ದರು. ಅವಳು ಮೈಸೂರುಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದಳು. ಕೊಡಲೋ ಬೇಡವೋ ಎಂದು ಗೇಟಿನಲ್ಲೇ ನಿಂತಳು.

"ನೀನಿದ್ದಿದ್ರೆ ನಿನ್ನೇ ತಗೋತಿದ್ರು ಕಣೇ. ನಂಗ್ ಗೊತ್ತು."

"ಬಿಡೇ. ನೀನು ಎಡಗಡೆ ತಿರ್ಗುವಾಗ ನಿಧಾನ ಮಾಡ್ತೀಯ, ಅದೊಂದ್ ಸರಿ ಮಾಡ್ಕೊ" ಎಂದು ತನುಜ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಹರಿತಾ ಹೋದ ಮೇಲೆ ಉಳಿದದ್ದನ್ನು ಅಜ್ಜಿಯ ಕೈಗಿಟ್ಟಳು.

ಬೆಳೆ ಹೋದದ್ದಕ್ಕೆ ಲಕ್ಷ್ಮಿದೇವಮ್ಮ ನೂಲು ಬಿಚ್ಚುವ ಘಟಕಕ್ಕೆ ಕೆಲಸಕ್ಕೆ ಹೋಗತೊಡಗಿದಳು. ಭಾನುವಾರಗಳಲ್ಲಿ ತನುಜಳೂ ಜೊತೆಗೆ ಹೊರಟಳು, ಯಾರೂ ಕರೆಯದೆ. ದಸರಾ ರಜೆ ಬಂದಾಗ ದಿನವೂ ಹೋದಳು. ರಜೆ ಮುಗಿದ ಮೇಲೆ ವಾರದಲ್ಲಿ ಒಂದೆರಡು ದಿನ ಶಾಲೆ ತಪ್ಪಿಸಿದಳು. ಚಾರ್ಟಿನಲ್ಲಿ ಕೆಂಪು ಕೆಂಪಾಗಿಯೇ ಉಳಿಯಿತು. ಅಕ್ಕನ ಜೊತೆ ಮಾತು ಇಲ್ಲವೆಂದೇನಿರಲಿಲ್ಲ. ಬಕೆಟ್ ಕೊಡು, ಬಾಚಣಿಗೆ ಎಲ್ಲಿ, ಲೈಟ್ ಆರಿಸು, ಇಷ್ಟರಲ್ಲಿ ಮುಗಿಯುತ್ತಿತ್ತು. ಸಂಘಮಿತ್ರ ಡೈರಿಯಲ್ಲಿ ಬರೆಯಲು ಕೂತರೆ ಪೆನ್ನು ತಾರೀಖು ದಾಟಿ ಮುಂದೆ ಹೋಗುತ್ತಿರಲಿಲ್ಲ.

*

ಕಾರ್ತೀಕದ ಹೊತ್ತಿಗೆ ನಲ್ಲಪ್ಪ ಮತ್ತೆ ಹುಳ ತರಲು ಹೊರಟ. ಹೊರಡುವ ಮುಂಚೆ ಹುಳದ ಮನೆಯ ಅಟ್ಟಣೆಗಳನ್ನೆಲ್ಲ ಹೊರಗೆಳೆದು ಬಿಸಿಲಿಗಿಟ್ಟ. ಮೂಗಿಗೆ ಟವಲು ಕಟ್ಟಿಕೊಂಡು ಸುಣ್ಣ, ಬ್ಲೀಚಿಂಗ್ ಕಲಸಿದ. ಗೋಡೆಗೆ ಹೊಡೆದ, ನೆಲಕ್ಕೆ ಹೊಡೆದ, ಸೂರಿನ ಸಂದಿಗೂ ಹೊಡೆದ. ಒಣಗಿದ ಮೇಲೆ ಮತ್ತೊಂದು ಸಲ ಹೊಡೆದ. ಯಾರಿಗೂ ಏನೂ ಹೇಳಲಿಲ್ಲ.

ಮಾರನೆಯ ದಿನ ಸಂಘಮಿತ್ರ ಕ್ಲಾಸಿಗೆ ಕಾಲಿಟ್ಟದ್ದೇ, "ಆಸ್ಪತ್ರೆ ಬಂತು" ಎಂದು ಹಿಂದಿನಿಂದ ಪಿಸುಗುಟ್ಟಿದರು. ಈ ಸಲ ಅವಳು ಬೋರ್ಡಿನ ಕಡೆ ತಿರುಗಲಿಲ್ಲ. ಚೂಡಿದಾರದ ತೋಳನ್ನು ಮೂಗಿಗೆ ಹಿಡಿದು ಅಲ್ಲೇ ನಿಂತುಬಿಟ್ಟಳು. ಮಕ್ಕಳು ನಗುವುದನ್ನು ನಿಲ್ಲಿಸಿದರು.

ಐದಾರು ದಿನ ಬಿಟ್ಟು ನಲ್ಲಪ್ಪ ಹುಳ ತಂದ; ತಂದ ಮೂರನೆಯ ಸಂಜೆ ಮುನಿವೆಂಕಟಪ್ಪ ಬಂದು ಜಗಲಿಯ ಕೆಳಗೆ ನಿಂತ.

"ಮತ್ತೆ ತಂದ್ಯಾ? ಧೈರ್ಯ ಕಣಪ್ಪ ನಿಂದು."

"ಈ ಸಲ ಏನೂ ಆಗಲ್ಲ ಗೌಡ್ರೇ. ಅವ್ಳನ್ನ ಆ ಬಾಗಿಲ ಹತ್ರಾನೂ ಬಿಡಲ್ಲ."

"ಏನಮ್ಮಾ ಹುಡುಗಿ, ಅಪ್ಪನ ಬೆಳೆ ತಿಂದ್ಯಲ್ಲ" ಎಂದು ಮುನಿವೆಂಕಟಪ್ಪ ನಕ್ಕ.

ತನುಜ ಅಂಗಳದಲ್ಲಿ ಬಟ್ಟೆ ಎತ್ತುತ್ತಿದ್ದಳು. ತಿರುಗಿ, ಅಜ್ಜಿಗೆ ತಮಾಷೆ ಮಾಡುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು: "ಹೌದು ತಾತ, ನನ್ ಕಾಲೇ ಸರಿಯಿಲ್ಲ."

ತಮಾಷೆಯ ದನಿಯೇ. ಆದರೆ ಅವಳು ಹೇಳಿದ್ದನ್ನು ನಂಬಿಯೇ ಹೇಳಿದ್ದಳು. ಸಂಘಮಿತ್ರಳಿಗೆ ಅದು ತಿಳಿಯಿತು.

ಊಟಕ್ಕೆ ಕೂತರು. ಮುದ್ದೆ, ಅವರೆಕಾಳಿನ ಸಾರು. ಹಗ್ಗದ ಮೇಲಿನ ಬಟ್ಟೆಗಳಲ್ಲಿ ಬ್ಲೀಚಿಂಗ್ ವಾಸನೆ ಇನ್ನೂ ಸಣ್ಣಗೆ ಉಳಿದಿತ್ತು. ತನುಜ ತಟ್ಟೆ ಹಿಡಿದು ಎಂದಿನಂತೆ ಹೊಸಿಲಾಚೆ ಕೂತಳು. ಹುಳ ಬಂದ ದಿನದಿಂದ ಅಲ್ಲೇ ಕೂರುತ್ತಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ. ಮುದ್ದೆ ಮುರಿಯುವ ಅವಳ ಬೆರಳ ತುದಿಗಳು ದೀಪದ ಬೆಳಕಿಗೆ ಬೆಳ್ಳಗೆ ಕಂಡವು.

"ಒಳಗ್ ಬಾರೇ, ಚಳಿ" ಎಂದಳು ಅಜ್ಜಿ.

"ಬೇಡ ಅಜ್ಜಿ. ಗೋಡೆ ಪಕ್ಕಾನೇ ಹುಳ ಐತೆ."

"ಅವ್ಳಿಗೇ ಬುದ್ಧಿ ಬಂದೈತೆ, ಬಿಡಮ್ಮ" ಎಂದ ನಲ್ಲಪ್ಪ, ತಟ್ಟೆಯಿಂದ ತಲೆ ಎತ್ತದೆ.

ಸಂಘಮಿತ್ರ ಕೈಯ ತುತ್ತನ್ನು ತಟ್ಟೆಗೆ ಇಟ್ಟಳು.

"ಅಪ್ಪ."

"ಏನಮ್ಮ?"

"ಹುಳ ಸತ್ತಿದ್ದು ತನುಜನ ಕಾಲಿಂದ ಅಲ್ಲ."

ಅಮ್ಮನ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಹೊಸಿಲಾಚೆ ತನುಜ ಅಗಿಯುವುದನ್ನು ಬಿಟ್ಟಳು. ನಲ್ಲಪ್ಪ ಮುದ್ದೆ ಮುರಿಯುತ್ತಲೇ ಇದ್ದ, ಬಾಯಿಗೆ ಮಾತ್ರ ಇಡುತ್ತಿರಲಿಲ್ಲ.

"ಏನಂದೆ? ಕೇಳಿಸ್ಲಿಲ್ಲ."

ಕೇಳಿಸಿತ್ತು. ಅವನ ಕಿವಿಯ ತುದಿ ಕೆಂಪಾದದ್ದು ಅವಳಿಗೆ ಕಂಡಿತ್ತು. ಇನ್ನೊಮ್ಮೆ ಹೇಳದಿದ್ದರೆ, ಸಾರಿನ ಉಪ್ಪಿನ ಮಾತೆತ್ತಿದರೆ, ಊಟ ಮುಗಿದುಹೋಗುತ್ತಿತ್ತು. ಅವಳು ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದಳು:

"ಹೋದ ಸಲ ನೀನು ಮನೆ ತೊಳೀಲಿಲ್ಲ, ಅಪ್ಪ."